ರುಮಾಲಿನ ಹಿಂದೆ ಓಡಿದ ಅಣ್ಣ

ಆ ಸಿನಿಮಾ ರೀಲು ಬೆಂಕಿಗೆ ಬಿತ್ತು ಎಂದು ಬೈಲಹೊಂಗಲದಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲಿ ಬಿತ್ತಪಾ ಎಂದು ಕೇಳಿದರೆ ಒಬ್ಬ ಮುರಗೋಡ ಅನ್ನುತ್ತಾನೆ, ಇನ್ನೊಬ್ಬ ರಾಮದುರ್ಗ. ಒಂದೇ ರೀಲು ಎರಡು ಊರಲ್ಲಿ ಸುಡುವುದು ಹೇಗೆ? ಧಾರವಾಡದ ಕಾಲೇಜಿನಲ್ಲಿ ನಾಲ್ಕು ಚರ್ಚಾಕೂಟ ನೋಡಿದ ನನಗೆ ಅನುಮಾನ ಬರಲು ಇಷ್ಟು ಸಾಕು.

ಎರಡು ನಿಮಿಷದ ಮೂಕ ಚಿತ್ರ ಅದು. ಊರೂರಲ್ಲಿ ತಂಬು ಹಾಕಿ ಸಿನಿಮಾ ತೋರಿಸುವ ಮಾಲೀಕ, ಜನ ಕೂಡಲೆಂದು ನಮ್ಮ ಹತ್ತಿ ಪೇಟೆಯಲ್ಲೇ ತೆಗೆದಿದ್ದ. ಆಡೊಂದು ನನ್ನ ಅಣ್ಣನ ರುಮಾಲಿನ ತುದಿ ಕಚ್ಚಿ ಓಡುತ್ತದೆ. ರುಮಾಲು ಸುತ್ತು ಸುತ್ತಾಗಿ ಬಿಚ್ಚುತ್ತದೆ. ಬೆನ್ನಟ್ಟಿದ ಅಣ್ಣ ಹತ್ತಿಯ ರಾಶಿಯಲ್ಲಿ ಮುಳುಗಿ, ತಲೆ ಮೀಸೆ ಬೆಳ್ಳಗಾಗಿ ಏಳುತ್ತಾನೆ. ಪರದೆಯ ಪಕ್ಕ ನಿಂತು ಕಥೆ ಹೇಳುವವ, "ನೋಡ್ರಿಪಾ, ಹರೇದಾಂವ ಹೋಗಿ ಮುದುಕ ಎದ್ದ!" ಎಂದು ಕೂಗುತ್ತಿದ್ದ. ಅಂಥ ಚಿತ್ರ ನಮ್ಮ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಅವ್ವ ಮಾತ್ರ ನೋಡಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ತಂಬಿನ ಸಿನಿಮಾಕ್ಕೆ ಹೋಗುವ ರೂಢಿಯಿರಲಿಲ್ಲ. "ಮುಂದಿನ ವರ್ಷ ಹ್ಯಾಂಗರ ಮಾಡಿ ನೋಡತೇನಿ ತಗೋ," ಎಂದಿದ್ದಳು. ಮುಂದಿನ ವರ್ಷ ಪ್ಲೇಗು ಬಂದು ಅಣ್ಣ ಹೋದ. ಅವನದೊಂದು ಫೋಟೋ ಕೂಡ ಮನೆಯಲ್ಲಿಲ್ಲ. "ಅಂವ ಓಡತಾನಂತಲ್ಲ, ಅದನ್ನೊಮ್ಮೆ ತೋರಸೋ," ಎಂದು ಅವ್ವ ನನ್ನನ್ನೇ ಕೇಳುತ್ತ ಉಳಿದಳು.

ಹುಡುಕಿದೆ. ತಂಬು ಮಾರಿ ಮುನವಳ್ಳಿಯಲ್ಲಿ ಕೂತಿದ್ದ ಮಾಲೀಕ ನನ್ನ ಮಾತಿಗೆ ನಕ್ಕ.

"ಬೆಂಕಿ? ಯಾರಂದ್ರರಿ? ನಿಮ್ಮ ಅಪ್ಪಾರ ಬಂದು ಕೈ ಮುಗದ್ರು. ಸತ್ತ ಮಗನ್ನ ನೋಡಿ ಊರ ನಗೂದು ಬ್ಯಾಡ ಅಂದ್ರು. ತೋರಸಲಾರದ ರೀಲು ಇಟಗೊಂಡು ಏನ ಮಾಡ್ಲಿ? ಕೈಬಳಿ ಮಾಡಾವರಿಗೆ ಕೊಟ್ಟೆ. ಬಿಸಿನೀರಾಗ ತಿಕ್ಕಿ ಚಿತ್ರ ತಗದು, ಪಟ್ಟಿ ಕತ್ತರಿಸಿ ಬಳಿ ಮಾಡತಾರ."

"ಪೂರಾ?"

"ಒಂದ ಗೇಣೂ ಉಳದಿಲ್ಲರಿ."

ವಾದದಲ್ಲಿ ನಾನು ಗೆದ್ದಿದ್ದೆ. ಊರವರ ಸುಳ್ಳಿನಲ್ಲಿ ತಪ್ಪು ಬೆಂಕಿಯದಾಗಿತ್ತು, ನಾನು ಹುಡುಕಿದ ನಿಜದಲ್ಲಿ ನಮ್ಮ ಮನೆಯದಾಗಿತ್ತು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲ ಹೇಳಿದೆ. ಅಲ್ಲಗಳೆಯಲಿಲ್ಲ. "ಮಗನ ಮಾನ ಕಾದೇನಿ," ಎಂದರು. ಒಳಗೆ ಬೀಸುವ ಕಲ್ಲಿನ ಸಪ್ಪಳ ನಿಂತಿತು. ಅವ್ವ ಕೇಳಿಸಿಕೊಂಡಿದ್ದಳು. ಮಾನದ ಬಗ್ಗೆ ವಾದಿಸಲು ನನ್ನ ಬಳಿ ಹತ್ತು ಮಾತಿದ್ದವು. ಒಂದನ್ನಷ್ಟೇ ಕೇಳಿದೆ:

"ಅಪ್ಪಾ, ಊರಿಗೆ ಬ್ಯಾಡ ಅಂದ್ರಿ, ಖರೆ. ಅವ್ವಗ ಒಂದ ಸಲ ಯಾಕ ತೋರಸಲಿಲ್ಲ ನೀವು?"