ಗಂಟಲಿಲ್ಲದ ವಕೀಲರು

ಮಾತಾಡುವಾಗ ಅವರು ಬಲಗೈಯ ಎರಡು ಬೆರಳುಗಳನ್ನು ಗಂಟಲಿನ ಗಾಯದ ಗುರುತಿನ ಮೇಲೆ ಒತ್ತಿ ಹಿಡಿಯುತ್ತಿದ್ದರು. ಒತ್ತದಿದ್ದರೆ ದನಿ ಹೊರಡುತ್ತಿರಲಿಲ್ಲ. ಒತ್ತಿದರೂ ಬರುತ್ತಿದ್ದದ್ದು ಒಣಗಿದ ಜೋಳದ ಗರಿ ಗಾಳಿಗೆ ಉಜ್ಜಿದಂಥ ಪಿಸುದನಿ. ಗಂಟಲೊಳಗಿನ ಗಡ್ಡೆ ತೆಗೆಸಿಕೊಂಡ ಮೇಲೆ ಹಾಗಾಗಿತ್ತಂತೆ. ನಮ್ಮಣ್ಣ ಆ ಕೇಸಿನಿಂದ ಪಾರಾಗಿ ಬರುವುದು ಆಗದ ಮಾತು ಎಂದು ಮೊದಲು ಹೇಳಿದವರು ಅವರೇ.

ಸುರಪುರದ ಕೋರ್ಟಿನ ಹಿಂದಿನ ಓಣಿಯಲ್ಲಿ ಅವರದೊಂದು ಕೋಣೆಯಿತ್ತು. ಮನೆ ಶಹಾಪುರದಲ್ಲಿ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಿದ್ದರು. ಮನೆಮಾತು ಉರ್ದು, ಕಕ್ಷಿದಾರರ ಜೊತೆ ನಮ್ಮಂಥದೇ ಕನ್ನಡ. ಎದುರಿಗೆ ಎಲ್ಲರೂ ವಕೀಲ ಸಾಹೇಬ್ರು ಎನ್ನುತ್ತಿದ್ದರು. ಬೆನ್ನ ಹಿಂದೆ ಗಂಟಲಿಲ್ಲದ ವಕೀಲ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಯಾರೇ ಬರಲಿ, ನಡೆದದ್ದನ್ನು ಒಮ್ಮೆ ಹೇಳಿಸುತ್ತಿದ್ದರು, ಚಹಾ ತರಿಸುತ್ತಿದ್ದರು, ಚಹಾ ಮುಗಿದ ಮೇಲೆ ಅದನ್ನೇ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು. "ಚಹಾಕಿಂತ ಮೊದಲ ಮನಿಶ್ಯಾ ಊರು ಕಲಿಸಿದ್ದು ಹೇಳ್ತಾನ. ಆಮ್ಯಾಲೆ ತನ್ನದು ಹೇಳ್ತಾನ" ಎನ್ನುತ್ತಿದ್ದರು.

ನಮ್ಮೂರು ಹುಣಸಗಿ ಕಡೆಗಿದೆ. ಕಾಲುವೆ ನೀರಿನ ಪಾಳಿಗಾಗಿ ಜಗಳವಾಗಿತ್ತು. ಪಕ್ಕದ ಹೊಲದವರು ನಮ್ಮ ತೂಬು ಮುಚ್ಚಿದರೆಂದು ಅಪ್ಪನ ತಮ್ಮ, ನಮ್ಮ ಕಾಕಾ, ಹಿಂದಿನಿಂದ ಹೋಗಿ ಕೊಡಲಿ ಬೀಸಿದ. ಅಣ್ಣ ಓಡಿಹೋಗಿ ಅವನ ಕೈಯಿಂದ ಕೊಡಲಿ ಕಸಿದುಕೊಂಡ. ಪೆಟ್ಟು ತಿಂದವರು ಬದುಕಿದರು, ಆದರೆ ಎಡಗೈ ಸ್ವಾಧೀನ ತಪ್ಪಿತು.

ಮನೆತನದಲ್ಲಿ ಒಂದು ಕೇಸಾದರೆ ಲಗ್ನವಾಗದ ಗಂಡುಮಗ ಅದನ್ನು ಮೈಮೇಲೆ ಹಾಕಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಪೊಲೀಸರು ಬರುವ ಮೊದಲೇ ಹಿರಿಯರು ಕಟ್ಟೆಯ ಮೇಲೆ ಕೂತು ಅಣ್ಣನನ್ನು ಕರೆದರು. "ನಿನ್ನ ಹಿಂದ ಹೆಂಡ್ರಿಲ್ಲ, ಮಕ್ಕಳಿಲ್ಲ. ನೀ ಹೋಗು. ತಿಂಗಳೊಪ್ಪತ್ತಿನಾಗ ಬಿಡಿಸ್ಕೊಂಡು ಬರ್ತೀವಿ" ಎಂದರು. ಅಪ್ಪ ನೆಲ ನೋಡುತ್ತ ಕೂತಿದ್ದ. ಅಣ್ಣ ಹೋದ. ನಾನೇ ಹೊಡೆದೆ ಎಂದ. ತೊಗರಿ ಕಟ್ಟಿಗೆಯ ಬಣವೆಯೊಳಗೆ ಅಡಗಿಸಿಟ್ಟಿದ್ದ ಕೊಡಲಿಯನ್ನು ತಾನೇ ತೋರಿಸಿ ತೆಗೆದುಕೊಟ್ಟ.

ಅಪ್ಪ, ಕಾಕಾ ಇಬ್ಬರೂ ವಕೀಲ ಸಾಹೇಬರ ಹತ್ತಿರ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ನಾನು ಸುರಪುರದಲ್ಲಿ ಬಿಎ ಕೊನೆಯ ವರ್ಷದಲ್ಲಿದ್ದೆ, ಮನೆಯಲ್ಲಿ ಕಾಗದ ಓದಬಲ್ಲವಳು ನಾನೊಬ್ಬಳೇ. ಸಾಹೇಬರು ಎಫ್‌ಐಆರ್ ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು.

"ಮುನ್ನೂರಾ ಏಳು ಹಚ್ಯಾರ" ಎಂದರು. "ಅಂದ್ರ ಹೊಡೆದಾಟ ಅಲ್ಲ. ಜೀವಾ ತೆಗಿಯಾಕ ಹೋಗಿದ್ದ ಅಂತ."

"ರಾಜಿ ಆಗ್ಯದ್ರಿ ಸಾಹೇಬ್ರ" ಎಂದ ಅಪ್ಪ. "ನೀರಿನ ಮೊದಲ್ನೇ ಪಾಳಿ ಅವರಿಗೇ ಬಿಟ್ಟುಕೊಟ್ಟೀವಿ. ಹೊಡೆದಾವನ ನೋಡಿಲ್ಲ ಅಂತ ಕೋರ್ಟಿನಾಗ ಹೇಳ್ತಾರ."

"ಅವರ ಕೂಡ ರಾಜಿ ಆತು. ಕೇಸ್ ನಡೆಸಾದು ಸರ್ಕಾರ. ಸರ್ಕಾರಕ್ಕ ಯಾವ ಪಾಳಿ ಬಿಟ್ಟುಕೊಡ್ತೀರಿ?"

ಸಾಹೇಬರು ಬೆರಳು ತೆಗೆದು, ಉಗುಳು ನುಂಗಿ, ಮತ್ತೆ ಒತ್ತಿಕೊಂಡರು. "ಪೊಲೀಸರ ಮುಂದ ನಾನೇ ಹೊಡೆದೆ ಅಂದಿದ್ದು ಕೋರ್ಟಿನಾಗ ನಿಂದ್ರಂಗಿಲ್ಲ. ಆದ್ರ ಕೊಡ್ಲಿ ಎಲ್ಲದ ಅಂತ ತಾನೇ ತೋರಿಸಿದ್ದು ನಿಂದ್ರತದ. ಅದನ್ನ ಯಾರು ಮಾಡಂದ್ರು ಅವನಿಗಿ?"

ಚಹಾ ಬಂತು. ಕುಡಿದಾದ ಮೇಲೆ ಅವರು ಅಪ್ಪನನ್ನು ಕೇಳಲಿಲ್ಲ, ಕಾಕಾನ ಕಡೆ ತಿರುಗಿದರು. "ಈಗ ನೀವು ಹೇಳ್ರಿ." ಕಾಕಾ ಹೇಳಲು ಶುರುಮಾಡಿದ, ನಡುವೆ ತಡವರಿಸಿದ, ಅಪ್ಪನ ಮುಖ ನೋಡಿದ. ಸಾಹೇಬರು ತಲೆ ಆಡಿಸಿದರು.

"ಹೊಡೆದಾವ ಹೊರಗದಾನ. ಹುಡುಗ ಒಳಗದಾನ. ಖರೆ ಹೇಳಿದ್ರ ಅವನ ಸಲುವಾಗಿ ಏನರ ಮಾಡಬಹುದು. ಇಲ್ಲಾಂದ್ರ ಆಗಂಗಿಲ್ಲ. ಬಿಡಿಸ್ತೀನಿ ಅಂತ ನಾ ನಿಮಗ ಸುಳ್ಳ ಹೇಳಂಗಿಲ್ಲ."

ಮರುದಿನ ತಾವೇ ಜೈಲಿಗೆ ಹೋಗಿ ಅಣ್ಣನನ್ನು ಕೇಳಿದರು. "ಕಾಕಾನ ಮಕ್ಕಳು ಸಣ್ಣವದಾವ್ರಿ" ಎಂದಷ್ಟೇ ಹೇಳಿ ಅಣ್ಣ ಕೈ ಮುಗಿದನಂತೆ.

ಸಾಹೇಬರ ಕೋಣೆಯಿಂದ ಹೊರಬಿದ್ದ ದಿನವೇ ಕಾಕಾ ಅಂದಿದ್ದ, "ಈ ಪಿಸುಪಿಸು ಜಡ್ಜ್ ಸಾಹೇಬ್ರಿಗಿ ಕೇಳಸತದೇನ? ವಕೀಲ ಅಂದ್ರ ಗಂಟಲಿರಬೇಕು." ನಮ್ಮೂರವರು ವಕೀಲರನ್ನು ಆರಿಸುವುದೇ ಹಾಗೆ. ಕೋರ್ಟಿನ ಹೊರಗೆ ನಿಂತು ಕಿವಿಗೊಡುತ್ತಾರೆ. ಯಾರ ದನಿ ಕಿಟಕಿ ದಾಟಿ ಗೇಟಿನವರೆಗೆ ಕೇಳುತ್ತದೋ ಅವರೇ ದೊಡ್ಡ ವಕೀಲರು. ಯಾದಗಿರಿಯಲ್ಲಿ ಅಂಥವರೊಬ್ಬರು ಸಿಕ್ಕರು. ಕಾಗದದ ಕಟ್ಟು ಬಿಚ್ಚದೆಯೇ, "ಹುಡುಗ ಹೊರಗ ಬಂದಂಗ ಅಂತ ತಿಳೀರಿ" ಎಂದರು. ಹಿರಿಯರಿಗೆ ಅಷ್ಟು ಸಾಕಾಯಿತು.

ಕೆಲವು ತಿಂಗಳಿಗೆ ಅಣ್ಣ ನಿಜವಾಗಿಯೂ ಹೊರಗೆ ಬಂದ. ಊರಲ್ಲಿ ಪೇಡೆ ಹಂಚಿದರು. ಬಸ್ಸಿಳಿದವನ ಕೊರಳಿಗೆ ಕಾಕಾ ಹಾರ ಹಾಕಿದ. ಅದೇ ವಾರ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ವಕೀಲ ಸಾಹೇಬರು ಕಂಡರು. "ಅಣ್ಣ ಬಿಡುಗಡೆ ಆಗ್ಯಾನ್ರಿ" ಎಂದೆ.

"ಅದು ಜಾಮೀನು, ಬೇಟಿ" ಎಂದರು. "ಹಗ್ಗ ಉದ್ದ ಬಿಟ್ಟಾರ. ಗೂಟ ಕಿತ್ತಿಲ್ಲ."

ಬಸ್ಸು ಬಂದಿತ್ತು. ಹತ್ತುವ ಮುಂಚೆ ನಿಂತರು. "ನಿಮ್ಮ ವಕೀಲರಿಗಿ ಹೇಳ್ರಿ. ಗಾಯ ಆದಾವ ಕಟಕಟ್ಯಾಗ ನಿಂತು ನೋಡಿಲ್ಲ ಅಂದ್ರ ಸುಮ್ಮನ ಕೂಡಬೇಕು. ಎದ್ದು ಒಂದು ಸವಾಲೂ ಕೇಳಬಾರದು." ನಾನು ಮನೆಯಲ್ಲಿ ಹೇಳಿದೆ. ಕಾಕಾ ನಕ್ಕ. "ಸುಮ್ಮನ ಕೂಡಾಕ ವಕೀಲ ಏನು ಬೀಗರ ಮನಿಗಿ ಬಂದಾನ?"

ಸಾಕ್ಷಿಯ ದಿನ ಯಾದಗಿರಿಗೆ ಅರ್ಧ ಊರೇ ಬಂದಿತ್ತು. ಸಾಹೇಬರೂ ಬೇರೆ ಕೇಸಿಗೆ ಬಂದವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪೆಟ್ಟು ತಿಂದವರು ಸ್ವಾಧೀನವಿಲ್ಲದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತರು. ರಾಜಿಯ ಮಾತಿಗೆ ತಪ್ಪಲಿಲ್ಲ. ಪೆಟ್ಟು ಹಿಂದಿನಿಂದ ಬಿತ್ತು, ಯಾರೆಂದು ನೋಡಿಲ್ಲ ಎಂದರು. ಸರ್ಕಾರಿ ವಕೀಲರು ತಿರುಗಿಸಿ ಮುರುಗಿಸಿ ಕೇಳಿದರೂ ಅದನ್ನೇ ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು.

ನಮ್ಮ ವಕೀಲರು ಎದ್ದರು. ಊರ ಮಂದಿಯ ಕಡೆ ಒಮ್ಮೆ ನೋಡಿ, ಗೇಟಿಗೆ ಕೇಳಿಸುವ ಹಾಗೆ ಗುಡುಗಿದರು. "ಅವತ್ತು ಕುಡಿದಿದ್ದಿ. ಕುಡಿದು ನಿನ್ನ ಕೊಡ್ಲಿ ಮ್ಯಾಲೆ ನೀನೇ ಬಿದ್ದಿ. ಹೌದೋ ಅಲ್ಲೋ?"

ಆ ಮನುಷ್ಯ ಜೀವಮಾನದಲ್ಲಿ ಕುಡಿದವರಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮುಖ ಕಪ್ಪಿಟ್ಟಿತು. ಅಣ್ಣನ ಕಡೆ ತಿರುಗಿದರು.

"ನಾ ಕುಡಿದಿರಲಿಲ್ಲರಿ. ಕಣ್ಣು ಛಲೋ ಕಾಣ್ತಿದ್ದವು. ಬಿದ್ದಾವ ಹೊಳ್ಳಿ ನೋಡಿದಾಗ ಕೊಡ್ಲಿ ಹಿಡ್ಕೊಂಡು ನಿಂತಾವ ಇವನೇ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಸಿದುಕೊಂಡ ಕೊಡಲಿ ಅಣ್ಣನ ಕೈಯಲ್ಲೇ ಇತ್ತು. ಹಿಂದಿನ ಬೆಂಚಿನಲ್ಲಿ ಸಾಹೇಬರು ಕಣ್ಣು ಮುಚ್ಚಿದರು.

ಅಣ್ಣನಿಗೆ ಏಳು ವರ್ಷ ಶಿಕ್ಷೆಯಾಯಿತು. ಅಪ್ಪ ತಿರುಗಿ ಆ ಓಣಿಗೆ ಹೋಗಿ ಬಾಗಿಲಲ್ಲೇ ನಿಂತ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬ ಮಾತು ಸಾಹೇಬರ ಬಾಯಿಂದ ಬರಲಿಲ್ಲ. "ಬರ್ರಿ, ಕೂಡ್ರಿ" ಎಂದರು. ಚಹಾ ತರಿಸಿದರು. ಕಲಬುರಗಿ ಹೈಕೋರ್ಟ್ ಪೀಠಕ್ಕೆ ಅಪೀಲು ತಾವೇ ಬರೆದರು. ಬರೆದದ್ದನ್ನು ನಾನು ಓದಬೇಕು, ಅವರು ಕೇಳಿ ತಿದ್ದಬೇಕು. ಒಂದು ದಿನ ಓದಿಸುತ್ತಿದ್ದವರು ನಡುವೆ ತಡೆದರು. "ನಿನಗ ದನಿ ಅದ. ಎಲ್ಲಿ ನಿಂದ್ರಬೇಕು ಅನ್ನಾದೂ ತಿಳೀತದ. ಲಾ ಓದು."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ಲಾ ಎಂದಾಗ ಕಾಕಾ ಅಂದ, "ಅಣ್ಣ ಜೈಲಿನಾಗ, ತಂಗಿ ಕೋರ್ಟಿನಾಗ. ಮನಿಗಿ ಕೀಲಿ ಹಾಕಿಬಿಡ್ರಿ ಮತ್ತ." ಅವ್ವ ಅವನಿಗೆ ಎದುರಾಡಲಿಲ್ಲ, ನನ್ನ ಬಟ್ಟೆ ಚೀಲಕ್ಕೆ ತುಂಬಿದಳು. ಕಲಬುರಗಿಯಲ್ಲಿ ಕಾಲೇಜು, ರಜೆಯಲ್ಲಿ ಸಾಹೇಬರ ಕೋಣೆ.

ಅಷ್ಟರಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು. ಕೊನೆಕೊನೆಗೆ ಬೆರಳು ಒತ್ತಿದರೂ ದನಿ ಬರುತ್ತಿರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ತುಟಿ ನೋಡಿ ಬಂದವರಿಗೆ ಹೇಳುತ್ತಿದ್ದೆ. ಹೊಡೆದಾಟ, ಕಳವು, ಹುಡುಗಿಯನ್ನು ಓಡಿಸಿಕೊಂಡು ಹೋದದ್ದು, ಎಲ್ಲ ಬರುತ್ತಿದ್ದವು. ಜನ ಅವರನ್ನು ಬಿಟ್ಟು ನನ್ನ ಮುಖ ನೋಡುತ್ತ "ಏನಂದ್ರು?" ಎಂದು ಕೇಳುತ್ತಿದ್ದರು. ಬಹಳ ಸಲ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, "ಆಗಂಗಿಲ್ಲ ಅಂತಾರ." ಅದನ್ನು ಹೇಳಿಸುವ ಮೊದಲು ಅವರು ಪ್ರತಿಯೊಂದು ಹಾಳೆಯನ್ನೂ ಓದಿರುತ್ತಿದ್ದರು. ಆದರೂ ಅರ್ಧ ಮಂದಿ ಎದ್ದು ದೊಡ್ಡ ದನಿಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಅಪೀಲು ವಿಚಾರಣೆಗೆ ಬರುವ ಮುಂಚೆ ಅವರು ಶಹಾಪುರದ ಮನೆಯಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳು ಖಬರಸ್ತಾನದೊಳಗೆ ಹೋಗುವಂತಿರಲಿಲ್ಲ, ನಾನು ರಸ್ತೆಯಾಚೆ ನಿಂತಿದ್ದೆ. ಅಪ್ಪ ಒಳಗೆ ಹೋಗಿ ಮಣ್ಣು ಹಾಕಿ ಬಂದ. ಕೈ ತೊಳೆಯದೆ ಬಸ್ಸು ಹತ್ತಿದ. ಅಪೀಲು ವಜಾ ಆಯಿತು. ಒಂದು ಕಾಗದ ಕೈಗೆ ಬಂದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಆಮೇಲೆ ಬಾಯಿ ತೆಗೆಯುವುದನ್ನು ನಾನು ಅವರಿಂದ ಕಲಿತೆ. ಅದರಿಂದ ಇದುವರೆಗೆ ನಮ್ಮ ಮನೆಗೆ ಏನೂ ದಕ್ಕಿಲ್ಲ.

ಲಾ ಪದವಿಯ ಪ್ರಮಾಣಪತ್ರ ಬಂದ ವಾರ ಜೈಲಿಗೆ ಹೋದೆ. ಕಾವಲಿನವರು ಅದನ್ನು ತಿರುಗಿಸಿ ನೋಡಿ ಕಬ್ಬಿಣದ ಜಾಳಿಗೆಯಾಚೆ ಅಣ್ಣನ ಕೈಗೆ ಕೊಟ್ಟರು. ಅವನು ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅದರ ಮೇಲೆ ಅಪ್ಪನ ಹೆಸರೂ ಇದೆಯೇ ಎಂದು ಹುಡುಕಿದ.

"ಇದಿದ್ರ ಕೋರ್ಟಿನಾಗ ನಿಂತು ಮಾತಾಡಬಹುದಾ?"

"ವಕೀಲಿ ಸನ್ನದು ಸಿಕ್ಕ ಮ್ಯಾಲೆ ಮಾತಾಡಬಹುದಣ್ಣ."

ಅವನು ಪ್ರಮಾಣಪತ್ರವನ್ನು ಅಂಗಿಗೆ ಒರೆಸಿ ಕಾವಲಿನವರ ಕೈಗೆ ವಾಪಸ್ ಕೊಟ್ಟ. "ಛಲೋ ಆತು" ಎಂದ. ಜಾಳಿಗೆಗೆ ಬಾಯಿ ಹತ್ತಿರ ತಂದ.

"ಕಾಕಾನ ದೊಡ್ಡ ಮಗಳಿಗಿ ಗಂಡು ನೋಡಾಕತ್ತಾರಂತ. ನೀ ವಕೀಲ ಆದಿ ಅಂತ ಈಗ ಖರೆ ಹೇಳಾಕ ಹೋಗಬ್ಯಾಡ, ತಂಗಿ."