ಸಿಂಧನೂರಿನಲ್ಲಿ ಬಿಚ್ಚಿದ ಬುತ್ತಿ

ಲಿಂಗಸುಗೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಅಕ್ಕನ ತೊಡೆಯ ಮೇಲೆ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ ಇತ್ತು. ಕಂಡಕ್ಟರು ಆಧಾರ್ ನೋಡಿ ಅಕ್ಕತಂಗಿ ಇಬ್ಬರಿಗೂ ಹೆಂಗಸರ ಶೂನ್ಯದ ಟಿಕೆಟ್ ಹರಿದು ಕೊಟ್ಟ. ಗಂಟನ್ನು ಮೇಲಿಡಿರಿ ಎಂದರೆ ಅಕ್ಕ ಕೇಳಲಿಲ್ಲ.

ಅವಳ ಮಗಳು ರೇಣುಕಾ ಐದು ತಿಂಗಳ ಬಸುರಿ. ಗಂಡನ ಮನೆ ಸಿಂಧನೂರು ದಾಟಿ ಜವಳಗೇರಾದಲ್ಲಿ. ಚೊಚ್ಚಲ ಬಸುರಿಗೆ ತವರಿನಿಂದ ಬಯಕೆ ಬುತ್ತಿ ಒಯ್ಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಬಗೆಯೂ ಎಣಿಕೆಯೂ ಬೆಸವಾಗಿರಬೇಕು, ಕಟ್ಟಿದ ಬುತ್ತಿಯನ್ನು ತಿರುಗಿ ತರಬಾರದು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆಂದರೆ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಕ್ಕ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿದ್ದಳು. ಇನ್ನೆರಡು ಬಗೆಯನ್ನು ಮಗಳೇ ಫೋನಿನಲ್ಲಿ ಹೇಳಿದ್ದಳು: ಸಿಂಧನೂರಿನ ಹೋಟೆಲಿನ ಪಿಜ್ಜಾ, ಮತ್ತೆ ಕೋಳಿ ರೆಕ್ಕೆ. ತಪಾಸಣೆಗೆ ಹೋದಾಗಲೆಲ್ಲ ಆ ಅಂಗಡಿಯ ವಾಸನೆ ಅವಳನ್ನು ಹಿಡಿದು ನಿಲ್ಲಿಸುತ್ತಿತ್ತಂತೆ.

ಮಸ್ಕಿಯ ತನಕ ಒಣ ಹೊಲ, ತೊಗರಿ, ಕರಿ ಬಂಡೆಯ ಗುಡ್ಡ. ಮಸ್ಕಿಯಲ್ಲಿ ಸಂತೆ ಕೂಡಿತ್ತು. ಬಸ್ಸು ನಿಂತೇ ಇತ್ತು, ಬಿಸಿಲು ಕಿಟಕಿಯಿಂದ ಒಳಗೆ ಬಂದು ಕೂತಿತ್ತು. ಬೆಳ್ಳುಳ್ಳಿ ಚೀಲದೊಂದಿಗೆ ಹತ್ತಿದ ಮುದುಕಿಯೊಬ್ಬಳು ಗಂಟು ನೋಡಿ ಯಾರಿಗೆಂದು ವಿಚಾರಿಸಿದಳು. ಅಕ್ಕ ಎಲ್ಲವನ್ನೂ ಹೇಳಿದಳು. ಪಿಜ್ಜಾ ಎಂದರೇನು ಎಂದು ಮುದುಕಿ ಕೇಳಿದಾಗ, ತಾನೂ ಕಂಡಿಲ್ಲ, ಮೇಲೆ ಬೆಣ್ಣೆ ಸವರಿದ ರೊಟ್ಟಿಯಂತೆ ಎಂದಳು. ಮುದುಕಿ ಹಿಡಿ ಬೆಳ್ಳುಳ್ಳಿ ತೆಗೆದು ಅಕ್ಕನ ಉಡಿಯಲ್ಲಿ ಹಾಕಿ, ಬಾಣಂತನಕ್ಕೆ ಬೇಕಾಗುತ್ತದೆ ಎಂದು ಹರಸಿದಳು. ಮುಂದೆ ಕಾಲುವೆಯ ನೀರಾವರಿ. ಎರಡೂ ಕಡೆ ಭತ್ತದ ಹಸಿರು.

ಸಿಂಧನೂರಿನಲ್ಲಿ ಆ ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರದ ಓಣಿಯಲ್ಲಿತ್ತು. ಒಲೆಯ ಮುಂದೆ ನಿಂತ ದಪ್ಪ ಮೀಸೆಯ ಮಾಲಕ ಪಿಜ್ಜಾವನ್ನು ಎಂಟು ತುಂಡು ಮಾಡುತ್ತಿರುವುದನ್ನು ಕಂಡು ಅಕ್ಕ ಕೈ ಅಡ್ಡ ಹಿಡಿದಳು.

"ಎಂಟು ಬ್ಯಾಡೋ ಯಪ್ಪಾ, ಒಂಬತ್ತು ಮಾಡು. ಬಸುರಿಗಿ ಒಯ್ಯೋದೈತಿ."

"ಒಂಬತ್ತು ಹ್ಯಾಂಗ ಬರ್ತಾವ್ರೀ ಅವ್ವಾರ? ಇದೇನು ಹೊಲ ಏನು, ಅಣ್ಣತಮ್ಮರಿಗಿ ಪಾಲು ಹಾಕಾಕ?"

ಅಂದವನೇ ಒಂದು ತುಂಡಿನ ಅಂಚಿನಿಂದ ಬೆರಳಗಲದ ಚೂರು ಸೀಳಿ, ಒಂಬತ್ತಾಯಿತು ಎಂದು ತೋರಿಸಿದ. ಅಕ್ಕ ನಕ್ಕಳು. ಆ ಸಣ್ಣದು ಕೂಸಿನ ಪಾಲು ಎಂದಳು. ರೆಕ್ಕೆಗಳು ಇನ್ನೂ ಬೇಯುತ್ತಿದ್ದವು. ಆಗ ಅಳಿಯ ಅಮರೇಶನ ಫೋನು ಬಂತು.

ರೇಣುಕಾಳಿಗೆ ಬೆಳಗಿನಿಂದ ರಕ್ತ ಹೋಗುತ್ತಿತ್ತು. ಸಿಂಧನೂರಿನ ಆಸ್ಪತ್ರೆಗೇ ಕರೆತಂದಿದ್ದರು. ಕೂಸು ಉಳಿಯಲಿಲ್ಲ. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ನಿಂತೇ ಇದ್ದಳು. ಮಾಲಕ ಪಾರ್ಸಲ್ ಡಬ್ಬಿಗಳನ್ನು ಮುಂದೆ ಚಾಚಿದಾಗ ಅವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವನು ನಮ್ಮ ಮುಖ ನೋಡಿದ. ಹೊರಗೆ ಬಂದು ತಾನೇ ಆಟೋ ನಿಲ್ಲಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ರೇಣುಕಾಳ ಅತ್ತೆ ಕೂತಿದ್ದರು. ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು.

"ಬೀಗತಿ, ಅದನ್ನ ಒಳಗ ಒಯ್ಯಬ್ಯಾಡ್ರಿ. ಅದು ಕೂಸಿನ ಬುತ್ತಿ. ಕೂಸ ಇಲ್ಲ. ಎಲ್ಲಿಯಾದ್ರೂ ಮರದ ಬುಡಕ ಇಟ್ಟು ಬರ್ರಿ."

ಕೆಟ್ಟ ಮನಸ್ಸಿನ ಮಾತಲ್ಲ ಅದು. ಹಿರಿಯರು ಹೇಳಿಕೊಟ್ಟದ್ದನ್ನೇ ಹೇಳಿದರು. ಅಕ್ಕ ಬುತ್ತಿಯನ್ನೂ ಡಬ್ಬಿಗಳನ್ನೂ ಹೊರಗಿನ ಬೆಂಚಿನ ಮೇಲಿಟ್ಟು ಒಳಗೆ ಹೋದಳು. ನಾನು ಅವುಗಳನ್ನು ಕಾಯುತ್ತ ಕೂತೆ. ಡಬ್ಬಿಯ ಬಿಸಿ ಮೊದಲು ಕೈಗೆ ತಾಗುತ್ತಿತ್ತು, ಆಮೇಲೆ ತಾಗಲಿಲ್ಲ.

ಸಂಜೆ ನರ್ಸಮ್ಮ ಬಂದು, ಈಗ ಏನಾದರೂ ತಿನ್ನಿಸಿ, ಬರಿಹೊಟ್ಟೆಯಲ್ಲಿ ಇಡಬೇಡಿ ಎಂದಳು. ಅಮರೇಶ ಇಡ್ಲಿ ತಂದ. ರೇಣುಕಾ ಗೋಡೆಯ ಕಡೆ ಹೊರಳಿದಳು. ಹಾಲು ಬೇಡ, ಬ್ರೆಡ್ಡೂ ಬೇಡ. ಅಕ್ಕ ಎದ್ದು ಹೊರಗೆ ಬಂದು ಬೆಂಚಿನ ಮೇಲಿದ್ದುದನ್ನೆಲ್ಲ ಎತ್ತಿಕೊಂಡು ಬೀಗತಿಯ ಎದುರಿನಿಂದಲೇ ಒಳಗೆ ಹೋದಳು. ನಾನೂ ಹಿಂದೆ ಹೋದೆ. ಮಂಚದ ಮೇಲೆ ಅರಿವೆ ಬಿಚ್ಚಿ ಡಬ್ಬಿ ತೆರೆದಳು.

ರೇಣುಕಾ ಇತ್ತ ಹೊರಳಿ ಅದನ್ನು ನೋಡಿದಳು. "ಬಯಕಿ ಕೂಸಿಂದಂತಲ್ಲಬೇ ಯವ್ವಾ," ಅಂದಳು. "ಇನ್ನ ನಂದೇನೈತಿ ಇದರಾಗ?"

"ಕೂಸಿನ ಬಯಕಿ ಕೂಸಿನ ಸಂಗಾಟ ಹೋತು," ಅಂದಳು ಅಕ್ಕ. "ನನ್ನ ಕೂಸು ನೀನು. ಮುಂಜಾನಿಯಿಂದ ಉಪಾಸ ಅದಿ. ಬಾಯಿ ತಗಿ."

ತುಂಡು ಮುರಿದು ಬಾಯಿಗಿಟ್ಟಳು. ರೇಣುಕಾ ಅಗಿಯುತ್ತ ಅತ್ತಳು, ಅಳುತ್ತ ಅಗಿದಳು. ರೆಕ್ಕೆ ತಣ್ಣಗಾಗಿದ್ದರೂ ಖಾರ ಹಾಗೆಯೇ ಇತ್ತು; ಮೂಗು ಒರೆಸಿಕೊಂಡು ಇನ್ನೊಂದು ಕೇಳಿದಳು. ಅಕ್ಕನೂ ನಾನೂ ಜೀವಮಾನದಲ್ಲಿ ಮೊದಲ ಸಲ ಪಿಜ್ಜಾ ತಿಂದೆವು. ಮೇಲಿನ ಚೀಸು ಮೇಣದಂತೆ ಬಿಗಿದಿತ್ತು. ಇಂಥಾದ್ದಕ್ಕೆ ಆಸೆಪಟ್ಟಿದ್ದೆಯಾ ಎಂದು ಅಕ್ಕ ಕೇಳಿದಾಗ, ಬಿಸಿ ಇದ್ದಾಗ ಚಲೋ ಇರುತ್ತದೆ ಎಂದಳು ಮಗಳು. ಬಾಗಿಲಲ್ಲಿ ನಿಂತಿದ್ದ ಬೀಗತಿ ಮೆಲ್ಲಗೆ ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ಸೊಸೆಯ ಕಾಲ ಮೇಲೆ ಒಂದು ಕೈ ಇಟ್ಟು ಇನ್ನೊಂದನ್ನು ಡಬ್ಬಿಗೆ ಚಾಚಿದರು. ಹೊರಗಿದ್ದ ಅಮರೇಶನನ್ನೂ ಕರೆದರು. ರೊಟ್ಟಿ, ಹೋಳಿಗೆ ಕೂಡ ಮುಗಿದವು.

ಡಬ್ಬಿಯಲ್ಲಿ ಬೆರಳಗಲದ ಚೂರೊಂದು ಉಳಿಯಿತು. ಅದು ಯಾರ ಪಾಲೆಂದು ಅಕ್ಕ ಅಂಗಡಿಯಲ್ಲಿ ಆಡಿದ ಮಾತನ್ನು ಆ ಕೋಣೆಯಲ್ಲಿ ಯಾರಿಗೂ ನಾವು ಹೇಳಿರಲಿಲ್ಲ. ಆದರೂ ಯಾರ ಕೈಯೂ ಅದರ ಕಡೆ ಹೋಗಲಿಲ್ಲ.

ಮರುದಿನ ರೇಣುಕಾಳನ್ನು ಜವಳಗೇರಾಕ್ಕೆ ಕರೆದೊಯ್ದರು. ನಡೆಯುವಷ್ಟು ಗಟ್ಟಿಯಾದ ಮೇಲೆ ತವರಿಗೆ ಕಳಿಸುತ್ತೇನೆ ಎಂದು ಬೀಗತಿ ಅಕ್ಕನ ಕೈಹಿಡಿದು ಮಾತು ಕೊಟ್ಟರು. ನಾವಿಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿದೆವು. ಭತ್ತದ ಹಸಿರು ಹಿಂದೆ ಸರಿಯಿತು. ಮಸ್ಕಿಯಲ್ಲಿ ಸಂತೆ ಎದ್ದುಹೋಗಿ ಬಯಲಿನಲ್ಲಿ ಸೊಪ್ಪಿನ ದಂಟು ಬಿದ್ದಿದ್ದವು.

ಮಸ್ಕಿ ದಾಟಿದ ಮೇಲೆ ಚೆಕಿಂಗಿನವನಿಗೆ ಟಿಕೆಟ್ ತೋರಿಸಲು ಅಕ್ಕನ ಚೀಲಕ್ಕೆ ಕೈ ಹಾಕಿದೆ. ಮುದುಕಿ ಕೊಟ್ಟ ಬೆಳ್ಳುಳ್ಳಿಯ ಪಕ್ಕದಲ್ಲಿ ಆ ಬಿಳಿ ಅರಿವೆ, ಬಿಗಿಯಾಗಿ ಗಂಟು ಹಾಕಿದ್ದು. ಮುಟ್ಟಿದೆ, ಒಳಗೆ ಬೆರಳಗಲದ ಏನೋ ಸಣ್ಣದು ಇತ್ತು. ಅಕ್ಕನ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ, ಹಿಂದುಳಿಯುತ್ತಿದ್ದ ಗುಡ್ಡದ ಕಡೆ ನೋಡುತ್ತಿದ್ದಳು. ತಗ್ಗು ಬಂದಾಗ ಚೀಲ ಅಲುಗದಂತೆ ಅಂಗೈ ಇಟ್ಟು ಹಿಡಿದಳು. ಊರು ಬರುವ ತನಕ ಆ ಕೈ ತೆಗೆಯಲಿಲ್ಲ.