ನಾಲ್ಕನೇ ಪ್ರಶ್ನೆಯ ಉತ್ತರ

ಲಿಂದಾ ಮೇಡಂ "ಕಾಲು ಹಾಳೆ ತಗೊಳ್ಳಿ" ಎಂದರೆ ಸಾಕು, ಏಳನೇ ತರಗತಿಯಲ್ಲಿ ಒಂದು ಸಣ್ಣ ದರೋಡೆಯೇ ನಡೆದುಹೋಗುತ್ತಿತ್ತು. ಐದು ಪ್ರಶ್ನೆಗಳ ಪರೀಕ್ಷೆಗೆ ಹಾಳೆಯ ಕಾಲು ಭಾಗ ಧಾರಾಳವಾಯಿತು. ಆದರೆ ನಲವತ್ತು ಮಕ್ಕಳಲ್ಲಿ ಹಾಳೆಯ ಪ್ಯಾಡ್ ತರುವವಳು ಜೊಬೆಲ್ ಒಬ್ಬಳೇ. ಸುತ್ತಲಿನಿಂದ ಕೈಗಳು ಚಾಚುತ್ತಿದ್ದವು, ಒಂದು ಹಾಳೆ ನಾಲ್ಕಾಗುತ್ತಿತ್ತು, ಪಾಪ ಆ ಹುಡುಗಿಯ ಪ್ಯಾಡ್ ತಿಂಗಳೊಪ್ಪತ್ತಿನಲ್ಲಿ ಸೊರಗಿ ರಟ್ಟು ಮಾತ್ರ ಉಳಿಯುತ್ತಿತ್ತು.

ಎರ್ಲಿಂದಾ ಸುಮಾಗಾಯ್ಸಾಯ್ ಎಂಬುದು ಮೇಡಂ ಅವರ ಪೂರ್ತಿ ಹೆಸರು. ಪನಾಯ್ ದ್ವೀಪದ ಕಡಲತಡಿಯ ಆ ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದವರು. ಮೀನುಗಾರನ ಮಗಳು. ಲೆಕ್ಕ ತಲೆಗೆ ಹತ್ತುವ ಮೊದಲು ಕಾಲಿಗೆ ಹತ್ತಬೇಕು ಎನ್ನುವುದು ಅವರ ಹಟ. ಅದಕ್ಕೇ ಅಣ್ಣನ ದೋಣಿಯ ಹಳೆಯ ಹಗ್ಗವೊಂದಕ್ಕೆ ಇಪ್ಪತ್ತೊಂದು ಗಂಟು ಹಾಕಿ, ನಡುವಿನ ಗಂಟಿಗೆ ಕೆಂಪು ಬಟ್ಟೆ ಸುತ್ತಿ, ಅದೇ ಸೊನ್ನೆ ಎಂದಿದ್ದರು. ಬಲಕ್ಕೆ ಒಂದರಿಂದ ಹತ್ತು, ಎಡಕ್ಕೆ ಮೈನಸ್ ಒಂದರಿಂದ ಮೈನಸ್ ಹತ್ತು. ಬಲಕ್ಕೆ ಮುಖಮಾಡಿ ನಿಲ್ಲಬೇಕು. ಕಳೆಯುವುದೆಂದರೆ ಹಿಂದಕ್ಕೆ ತಿರುಗಬೇಕು. ಕಳೆಯುವ ಸಂಖ್ಯೆಯೂ ಮೈನಸ್ ಆಗಿದ್ದರೆ ತಿರುಗಿದ ಮೇಲೆ ಹಿಮ್ಮುಖವಾಗಿ ನಡೆಯಬೇಕು. ಮಕ್ಕಳು ಬಿದ್ದು ಎದ್ದು ನಗುತ್ತ ಕಲಿಯುತ್ತಿದ್ದರು. ಪಕ್ಕದ ಕೋಣೆಯ ಟೀಚರು ಮಾತ್ರ, ಇದು ಗಣಿತವೋ ಕುಣಿತವೋ ಎಂದು ಮೂಗು ಮುರಿಯುತ್ತಿದ್ದರು.

ಆ ಬುಧವಾರ ಹೆಡ್‌ಮಾಸ್ಟರು ದೆಮೆತ್ರಿಯೊ ಪಾಠ ನೋಡಲು ಬರುವವರಿದ್ದರು. ಮೇಡಂ ನಿವೃತ್ತಿಗೆ ಎರಡೇ ವರ್ಷ. ಬಡ್ತಿಯ ಮಾಸ್ಟರ್ ಟೀಚರ್ ಹುದ್ದೆಗೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಕೂದಲೆಳೆಯಲ್ಲಿ ತಪ್ಪಿತ್ತು. ಇದು ಕೊನೆಯದು. ಹೆಡ್‌ಮಾಸ್ಟರ ಕೈಯಲ್ಲಿನ ಪಟ್ಟಿಯ ಮೊದಲನೆಯ ಸಾಲೇ, ವಿಷಯದಲ್ಲಿ ತಪ್ಪಿಲ್ಲದೆ ಕಲಿಸುತ್ತಾರೆಯೇ ಎಂಬುದು. ಅದಕ್ಕೆ ಏಳಕ್ಕೆ ಏಳು ಬಿದ್ದರೆ ಹುದ್ದೆ ಸಿಕ್ಕಂತೆಯೇ. ಶಾಲೆಯೆಲ್ಲ ಅವರ ಬೆನ್ನಿಗೆ ನಿಂತಿತು. ಒಬ್ಬರು ಕಿಟಕಿಗೆ ಪರದೆ ಕೊಟ್ಟರು, ಇನ್ನೊಬ್ಬರು ಹೆಡ್‌ಮಾಸ್ಟರಿಗೆಂದು ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣು ತಂದಿಟ್ಟರು. ಮಕ್ಕಳು ತಾವಾಗಿಯೇ ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರು.

ಪಾಠ ಹೂವಿನಂತೆ ಸಾಗಿತು. ಹಗ್ಗದ ನಡಿಗೆ ಮುಗಿಯಿತು, ಕಾಲು ಹಾಳೆಯ ಪರೀಕ್ಷೆಯೂ ಮುಗಿಯಿತು. ಆಮೇಲೆ ಎಂದಿನಂತೆ ಹಾಳೆ ಅದಲುಬದಲು. ಪಕ್ಕದವರ ಹಾಳೆಯನ್ನು ತಿದ್ದಿ, ಕೆಳಗೆ 'ತಿದ್ದಿದವರು' ಎಂದು ಬರೆದು ಸಹಿ ಹಾಕುವುದು ಅಲ್ಲಿನ ಪದ್ಧತಿ. ಮೇಡಂ ಉತ್ತರಗಳನ್ನು ಒಂದೊಂದಾಗಿ ಓದಿದರು. ನಾಲ್ಕನೆಯದು, ಮೈನಸ್ ಮೂರರಿಂದ ಮೈನಸ್ ಐದನ್ನು ಕಳೆಯುವ ಲೆಕ್ಕ.

"ನಾಲ್ಕನೇದು, ಮೈನಸ್ ಎಂಟು" ಎಂದರು.

ಆಗಿದ್ದು ಇಷ್ಟು. ಮೊದಲು ಅವರು ಬರೆದುಕೊಂಡಿದ್ದ ಪ್ರಶ್ನೆ ಬರೀ ಐದನ್ನು ಕಳೆಯುವುದು. ಹೆಡ್‌ಮಾಸ್ಟರ ಎದುರು ಸ್ವಲ್ಪ ಗಟ್ಟಿ ಪ್ರಶ್ನೆಯೇ ಇರಲಿ ಎಂದು ಬೆಳಿಗ್ಗೆ ಅದಕ್ಕೊಂದು ಮೈನಸ್ ಸೇರಿಸಿದ್ದರು. ಉತ್ತರ ಬದಲಿಸಲು ಮರೆತಿದ್ದರು. ತರಗತಿಯಲ್ಲಿ ಒಂದು ಗಳಿಗೆ ಪೆನ್ನುಗಳೆಲ್ಲ ನಿಂತವು, ಮತ್ತೆ ಓಡಿದವು. ಮೇಡಂ ಗಮನಿಸಲಿಲ್ಲ.

ಅಂಕ ಕೂಗುವ ಸರದಿ ಬಂತು. ಐದು, ಐದು, ಮತ್ತೆ ಐದು. ಎಂದೂ ನಾಲ್ಕು ದಾಟದವರಿಗೂ ಐದು. ಮೇಡಂ ಹಿಗ್ಗಿದರು. ಮರಿಫೆಯ ಸರದಿ ಬಂದಾಗ ಮಾತ್ರ ಅವಳು ನಾಲ್ಕು ಎಂದಳು. ಬಾಯಿಬಿಟ್ಟರೆ ಮುತ್ತುದುರೀತು ಎನ್ನುವಷ್ಟು ಮೌನದ ಹುಡುಗಿ ಅದು. ಅವಳ ಕೈಯಲ್ಲಿದ್ದದ್ದು ಪಕ್ಕದ ರೆಯ್ಮಾರ್ಕನ ಹಾಳೆ. ಯಾವುದು ತಪ್ಪಾಗಿದೆ ಎಂದು ಮೇಡಂ ಕೇಳಿದರು.

"ನಾಲ್ಕನೇದು, ಮ್ಯಾಮ್. ಎರಡು ಅಂತ ಬರ್ದಿದಾನೆ." ಹುಡುಗಿ ನೆಲದ ಹಗ್ಗದ ಕಡೆ ನೋಡಿದಳು. "ಆದ್ರೆ ಹಗ್ಗದ ಮೇಲೆ ನಡೆದ್ರೆ ಎರಡಕ್ಕೇ ಬರುತ್ತೆ, ಮ್ಯಾಮ್."

ಹಿಂದಿನಿಂದ ಯಾರೋ ಅವಳ ಕುರ್ಚಿಗೆ ಒದ್ದರು.

ಮೇಡಂ ಕೈಯಲ್ಲಿದ್ದ ಚೀಟಿ ನೋಡಿದರು, ಕರಿಹಲಗೆ ನೋಡಿದರು. ಚೀಟಿಯಲ್ಲಿದ್ದದ್ದು ಹಳೆಯ ಉತ್ತರ. ಹೆಡ್‌ಮಾಸ್ಟರು ಆಟದ ಮೇಷ್ಟರಾಗಿ ಬಂದವರು. ಬಾಳೆಹಣ್ಣು ಮೆಲ್ಲುತ್ತ ಏನೋ ಗೀಚುತ್ತಿದ್ದರು. "ಆಮೇಲೆ ನೋಡೋಣ ಮಗಳೇ, ಕೂತ್ಕೊ" ಎಂದು ಮೇಡಂ ಹುಡುಗಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು ಎಂಬುದನ್ನು ಮುಚ್ಚಿಡುವುದೇಕೆ?

ಅವರು ಚಪ್ಪಲಿ ಕಳಚಿ ಹಗ್ಗದ ಮೇಲೆ ಬಂದು ನಿಂತರು. ಮೈನಸ್ ಮೂರರ ಗಂಟು. ತಿರುಗಿದರು. ಮಂಡಿನೋವಿನ ಕಾಲುಗಳಲ್ಲಿ ಹಿಮ್ಮುಖವಾಗಿ ಒಂದು, ಎರಡು ಎಂದು ಎಣಿಸುತ್ತ ಐದು ಹೆಜ್ಜೆ ಹಾಕಿದರು. ಕೆಂಪು ಬಟ್ಟೆ ದಾಟಿ ಎರಡನೇ ಗಂಟಿನ ಮೇಲೆ ನಿಂತರು.

"ಮರಿಫೆ ಹೇಳಿದ್ದೇ ಸರಿ. ನಾನು ತಪ್ಪು ಓದಿದೆ. ಎರಡು ಅಂತ ಬರೆದೋರಿಗೆಲ್ಲ ಅಂಕ ಕೊಡಿ."

ಯಾರೂ ಅಲುಗಾಡಲಿಲ್ಲ. ಮೇಡಂ ಮುಂದಿನ ಸಾಲಿನಿಂದ ಒಂದು ಹಾಳೆ ಎತ್ತಿಕೊಂಡರು. ಅದರಲ್ಲಿ ಎರಡು ಎಂಬುದನ್ನು ಹೊಡೆದುಹಾಕಿ, ಬೇರೆ ಶಾಯಿಯಲ್ಲಿ ಮೈನಸ್ ಎಂಟು ಬರೆದಿತ್ತು. ಇನ್ನೊಂದರಲ್ಲೂ ಹಾಗೆಯೇ. ಮತ್ತೊಂದರಲ್ಲೂ. ತಿದ್ದುವವರೇ ಸರಿ ಉತ್ತರವನ್ನು ಕೆಡಿಸಿದ್ದರು, ಕೆಳಗೆ ಸಹಿ ಬೇರೆ ಹಾಕಿದ್ದರು. ಮೂವತ್ತೊಂದು ವರ್ಷ ಕಲಿಸಿದ್ದಕ್ಕೆ ಇದೇನಾ ಫಲ ಎಂದು ಅವರಿಗೆ ಅಳು ಬರುವಂತಾಯಿತು.

"ನಿಮ್ಮ ಕಾಲಲ್ಲೇ ನಡೆದು ನೋಡಿದ್ರಲ್ಲ. ಆದ್ರೂ ನಾನು ಹೇಳಿದ್ದನ್ನೇ ನಂಬಿಬಿಟ್ರಾ?"

ಜೊಬೆಲ್ ಎದ್ದು ನಿಂತಳು. "ನಂಬ್ಲಿಲ್ಲ, ಮ್ಯಾಮ್. ತಪ್ಪು ಅಂತ ಎಲ್ರಿಗೂ ಗೊತ್ತಾಯ್ತು. ಆದ್ರೆ ಎಲ್ರ ಹಾಳೇಲೂ ಬೇರೆ ಉತ್ತರ ಇದ್ರೆ ಸಾರ್‌ಗೆ ಗೊತ್ತಾಗಿಬಿಡುತ್ತಲ್ಲ. ನಿಮಗೆ ನಾಚಿಕೆ ಆಗಬಾರ್ದು ಅಂತ…"

ಮೇಡಂ ಕಿಟಕಿಯ ಕಡೆ ತಿರುಗಿ ಎರವಲು ಪರದೆಯ ಅಂಚಿನಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಮರಿಫೆಯ ಕುರ್ಚಿಗೆ ಒದ್ದವರು ಅವಳ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದರು. ಇಬ್ಬರು ಎದ್ದರು.

ಮಧ್ಯಾಹ್ನ ಹೆಡ್‌ಮಾಸ್ಟರು ಅವರನ್ನು ಕೋಣೆಗೆ ಕರೆದು ಪಟ್ಟಿಯನ್ನು ಮುಂದಿಟ್ಟರು. ಮೊದಲ ಸಾಲು ಇನ್ನೂ ಖಾಲಿಯಿತ್ತು. ತಪ್ಪು ಕಂಡ ಮೇಲೆ ಏಳು ಹಾಕಲು ಬರುವುದಿಲ್ಲ ಎಂದು ಅವರು ನೊಂದುಕೊಂಡೇ ಹೇಳಿದರು.

"ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲ ಮೇಡಂ. ನನಗೆ ಆ ಲೆಕ್ಕ ಎಲ್ಲಿ ಗೊತ್ತಾಗ್ತಿತ್ತು?"

"ನಿಮಗೆ ಗೊತ್ತಾಗ್ತಿರ್ಲಿಲ್ಲ, ಸಾರ್" ಎಂದರು ಮೇಡಂ. "ಮಕ್ಕಳಿಗೆ ಗೊತ್ತಿತ್ತಲ್ಲ."

ಹೆಡ್‌ಮಾಸ್ಟರು ಐದು ಎಂದು ಬರೆದರು. ಮೇಡಂ ಅದರ ಕೆಳಗೆ ಸಹಿ ಹಾಕಿ ಮುಂದಿನ ತರಗತಿಗೆ ಹೋದರು.